ಬಾಗಿಲು ಹಿಡಿಯುವ ಕೊಳವೆ

ಹ್ಯಾಚ್‌ಬ್ಯಾಕ್ ಕಾರಿನ ಹಿಂಬಾಗಿಲನ್ನು ತುಸು ಎತ್ತಿದರೆ ಸಾಕು, ಉಳಿದಷ್ಟು ದೂರ ಅದೇ ಮೇಲೇರುತ್ತದೆ. ಕೈಬಿಟ್ಟರೂ ಬೀಳುವುದಿಲ್ಲ. ಆಫೀಸಿನ ತಿರುಗುಕುರ್ಚಿ ಏರಿ ಇಳಿಯುವುದೂ ಇದೇ ತಂತ್ರದಿಂದ. ಎರಡೂ ಕಡೆ ದುಡಿಯುವುದು ಅನಿಲ ತುಂಬಿದ ಒಂದು ಉಕ್ಕಿನ ಕೊಳವೆ. ಗ್ಯಾಸ್ ಸ್ಟ್ರಟ್ ಎಂದು ಅದರ ಹೆಸರು. ದಿನವೂ ಕಣ್ಣಿಗೆ ಬಿದ್ದರೂ, ಅದು ಕೆಟ್ಟ ದಿನವೇ ನಮ್ಮ ಗಮನ ಅದರತ್ತ ಹರಿಯುವುದು.

ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು, ಎಂಜಿನಿಯರ್ ಮಗನನ್ನು ನೋಡಲು ಅಮೆರಿಕಕ್ಕೆ ಹೋಗಿದ್ದರು. ಮಗ ಹಳೆಯ ಮೋಟರ್‌ಹೋಮ್ ಒಂದನ್ನು ಕೊಂಡಿದ್ದ. ಒಲೆ, ಹಾಸಿಗೆ, ನೀರಿನ ತೊಟ್ಟಿ ಎಲ್ಲವೂ ಇರುವ, ಚಕ್ರದ ಮೇಲಿನ ಮನೆ ಅದು. ಯೆಲ್ಲೊಸ್ಟೋನ್ ನೋಡಲು ಹೊರಟ ಕುಟುಂಬ ವಯೋಮಿಂಗ್ ರಾಜ್ಯದ ಬಯಲಿನಲ್ಲಿ ಊಟಕ್ಕೆಂದು ನಿಂತಿತು. ಆ ಬಯಲು ಗಾಳಿಗೆ ಹೆಸರಾದದ್ದು. ಬಾಗಿಲು ತೆರೆದದ್ದೇ ತಡ, ಗಾಳಿ ಅದನ್ನು ಕಸಿದುಕೊಂಡು ಪಕ್ಕದ ಗೋಡೆಗೆ ಬಡಿಯಿತು. ಮರುಕ್ಷಣ ತಿರುಗಿ ಬಂದು ಚೌಕಟ್ಟಿಗೆ ಅಪ್ಪಳಿಸಿತು. ಎಂಟು ವರ್ಷದ ಮೊಮ್ಮಗಳು ಚೌಕಟ್ಟಿನಿಂದ ಆಗಷ್ಟೇ ಕೈ ತೆಗೆದಿದ್ದಳು. ಬಾಗಿಲನ್ನು ಹಿಡಿದಿಡಬೇಕಾಗಿದ್ದ ಸ್ಟ್ರಟ್ ಒಂದು ತುದಿ ಕಿತ್ತು ನೇತಾಡುತ್ತಿತ್ತು.

“ಗ್ಯಾಸ್ ಹೋಗಿರ್ಬೇಕು ಅಪ್ಪಾ. ಇದನ್ನ ಒಗೆದು ಹೊಸದು ತರಿಸೋಣ” ಎಂದ ಮಗ.

ಹಿರಿಯರು ಉತ್ತರ ಹೇಳಲಿಲ್ಲ. ಸ್ಟ್ರಟ್ ಬಿಚ್ಚಿಕೊಂಡರು. ಮರದ ಹಲಗೆಯ ಮೇಲೆ ದಂಡದ ತುದಿಯನ್ನು ನೆಟ್ಟಗೆ ಊರಿ, ಮುಖ ಪಕ್ಕಕ್ಕಿಟ್ಟುಕೊಂಡು ಎರಡೂ ಕೈಯಿಂದ ಒತ್ತಿದರು. ದಂಡ ಒಲ್ಲದ ಮನಸ್ಸಿನಿಂದ ಒಳಗಿಳಿಯಿತು. ಭಾರ ಸಡಿಲಿಸಿದಾಗ ನಿಧಾನವಾಗಿ ಹೊರಬಂತು. “ಇದರ ತಾಕತ್ತು ಇನ್ನೂ ಐತಿ ತಮ್ಮಾ. ಸೋತದ್ದು ಇದಲ್ಲ, ಇದನ್ನ ಹಿಡಕೊಂಡಿದ್ದ ಜಾಗಾ” ಎಂದರು.

ಆ ತಾಕತ್ತು ಎಲ್ಲಿಂದ ಬರುತ್ತದೆ? ಕೊಳವೆಯೊಳಗೆ ಅಧಿಕ ಒತ್ತಡದ ನೈಟ್ರೋಜನ್, ಸ್ವಲ್ಪ ಎಣ್ಣೆ, ದಂಡದ ತುದಿಗೊಂದು ಪಿಸ್ಟನ್ ಇರುತ್ತವೆ. ಪಿಸ್ಟನ್ನಿನಲ್ಲಿ ಸಣ್ಣ ರಂಧ್ರವಿರುವುದರಿಂದ ಅದರ ಎರಡೂ ಬದಿಯಲ್ಲಿ ಒತ್ತಡ ಒಂದೇ. ಹಾಗಾದರೆ ದಂಡವನ್ನು ಹೊರಗೆ ತಳ್ಳುವುದು ಯಾವುದು? ಒಂದು ಬದಿಯಲ್ಲಿ ದಂಡವೇ ಜಾಗ ಹಿಡಿದಿರುವುದರಿಂದ ಅಲ್ಲಿ ಅನಿಲ ಒತ್ತಲು ಸಿಗುವ ವಿಸ್ತೀರ್ಣ ಕಡಿಮೆ. ಆ ವ್ಯತ್ಯಾಸವೇ ಬಲ. ಆ ಕೊಳವೆಯ ಮೇಲೆ 150 ನ್ಯೂಟನ್ ಎಂದು ಅಚ್ಚಾಗಿತ್ತು. ಎಂದರೆ ಒಂದು ಕೊಡ ನೀರಿನ ಭಾರ. ದಂಡದ ವ್ಯಾಸ 6 ಮಿಲಿಮೀಟರ್. ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರ್. ಭಾಗಿಸಿ ನೋಡಿದರೆ ಒಳಗಿನ ಒತ್ತಡ ವಾಯುಮಂಡಲದ ಒತ್ತಡದ 50 ಪಟ್ಟಿಗೂ ಹೆಚ್ಚು!

ಇನ್ನು ಕಿತ್ತ ಜಾಗ. ಬಾಗಿಲಿನ ತೆಳು ಅಲ್ಯೂಮಿನಿಯಂ ತಗಡಿನಲ್ಲಿ ಎರಡು ಚಿಕ್ಕ ಸ್ಕ್ರೂಗಳಿದ್ದವು. ತೂತುಗಳು ಉರುಟಾಗಿರಲಿಲ್ಲ, ಎಳೆದು ಉದ್ದವಾಗಿದ್ದವು. ಒಳಗಿನ ಮರ ನೀರು ಕುಡಿದು ಮೆತ್ತಗಾಗಿತ್ತು. ಮಗ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದ. ಬಾಗಿಲಿನ ವಿಸ್ತೀರ್ಣ ಹೆಚ್ಚುಕಡಿಮೆ ಒಂದು ಚದರ ಮೀಟರ್. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಅದರ ಮೇಲೆ ಸುಮಾರು 60 ನ್ಯೂಟನ್ ಬಲ ಹಾಕುತ್ತದೆ. ಈ ಬಲ ಕೆಲಸ ಮಾಡುವುದು ಬಾಗಿಲಿನ ನಡುವೆ, ಕೀಲಿನಿಂದ 30 ಸೆಂಟಿಮೀಟರ್ ದೂರದಲ್ಲಿ. ಸ್ಟ್ರಟ್‌ಗೆ ಸಿಗುವ ದೂರ 10 ಸೆಂಟಿಮೀಟರ್ ಮಾತ್ರ. ಸನ್ನೆಕೋಲಿನ ನಿಯಮದಂತೆ ಸ್ಕ್ರೂಗಳ ಪಾಲಿಗೆ ಬಲ ಮೂರು ಪಟ್ಟು, 180 ನ್ಯೂಟನ್. ಗಾಳಿಯ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ: 720 ನ್ಯೂಟನ್! ದೊಡ್ಡ ಆಳೊಬ್ಬ ಎರಡು ಸ್ಕ್ರೂಗಳಿಗೆ ಜೋತುಬಿದ್ದಂತೆ. ಹೊಸ ಸ್ಟ್ರಟ್ ತಂದು ಅದೇ ತೂತಿಗೆ ಹಾಕಿದ್ದರೆ ಮುಂದಿನ ಗಾಳಿಗೆ ಅದೂ ಕಿತ್ತು ಬರುತ್ತಿತ್ತು. ಆಗ ಮಗುವಿನ ಕೈ ಎಲ್ಲಿರುತ್ತಿತ್ತೋ!

ಅಲ್ಲಿಯವರೆಗೆ ಬಾಗಿಲನ್ನು ಹಗ್ಗದಿಂದ ಕಟ್ಟಿ, ಮುಂದಿನ ಊರಿನ ಹಾರ್ಡ್‌ವೇರ್ ಅಂಗಡಿಗೆ ಹೋದರು. 3 ಮಿಲಿಮೀಟರ್ ದಪ್ಪದ, ಒಂದು ಗೇಣುದ್ದದ ಅಲ್ಯೂಮಿನಿಯಂ ಪಟ್ಟಿ ತಂದರು. ಮೆತ್ತಗಾದ ಮರವನ್ನು ಕೆರೆದು ತೆಗೆದು, ಒಣಗಿಸಿ, ಎಪಾಕ್ಸಿ ತುಂಬಿದರು. ಸ್ಟ್ರಟ್‌ನ ಹಿಡಿಕೆಯನ್ನು ಬೋಲ್ಟ್ ಹಾಕಿ ಪಟ್ಟಿಗೆ ಬಿಗಿದರು; ಪಟ್ಟಿಯನ್ನು ಗಟ್ಟಿ ಜಾಗ ನೋಡಿ ಆರು ರಿವೆಟ್‌ಗಳಿಂದ ಬಾಗಿಲಿಗೆ ಕೂರಿಸಿದರು. ಹಿಡಿಕೆ ಮೊದಲಿದ್ದ ಜಾಗದಿಂದ ಕದಲದಂತೆ ಗುರುತು ಹಾಕಿಕೊಂಡಿದ್ದರು. ಅದು ಕದಲಿದರೆ ಸ್ಟ್ರಟ್‌ನ ಅಳತೆಗೂ ಬಾಗಿಲಿನ ಓಟಕ್ಕೂ ಹೊಂದುವುದಿಲ್ಲ. ನೀರು ಮತ್ತೆ ಇಳಿಯದಂತೆ ಅಂಚಿಗೆ ಸೀಲಂಟ್ ಬಳಿದರು. ರಿವೆಟ್ ಎಣಿಸಿ ಕೊಡುವ ಕೆಲಸ ಮೊಮ್ಮಗಳದು.

“ಅಜ್ಜಾ, ಆರು ಯಾಕ?” ಎಂದಳು ಅವಳು.

“ಇಬ್ಬರು ಹೊರೂ ಹೊರೀನ ಆರು ಮಂದಿ ಹೊತ್ತರ ಹಗುರ ಆಗೂದಿಲ್ಲೇನವಾ?” ಎಂದರು ಅಜ್ಜ. ಬಲ ಹಂಚಿದಷ್ಟೂ ಒತ್ತಡ ಇಳಿಯುತ್ತದೆ ಎಂಬ ಪಾಠ ಆ ಮಗುವಿಗೆ ಪುಸ್ತಕಕ್ಕಿಂತ ಮೊದಲೇ ಸಿಕ್ಕಿತು.

ವಿದ್ಯಾರ್ಥಿಗಳು ನೆನಪಿಡಬೇಕಾದ ಎಚ್ಚರಿಕೆಯೂ ಒಂದಿದೆ. ಹಳೆಯದಾದರೂ ಸರಿ, ಈ ಕೊಳವೆಯನ್ನು ಕೊಯ್ಯಬಾರದು, ಕೊರೆಯಬಾರದು, ಬೆಂಕಿಗೆ ಹಾಕಬಾರದು. ಒಳಗಿನ ಅನಿಲ ಸಿಡಿದರೆ ಅನಾಹುತ. ಹೊಳೆಯುವ ದಂಡವನ್ನು ಇಕ್ಕಳದಿಂದ ಹಿಡಿಯಲೂಬಾರದು. ಗೀರು ಬಿದ್ದರೆ ಸೀಲು ಹರಿದು ಅನಿಲ ಸೋರುತ್ತದೆ. ಚಳಿಯಲ್ಲಿ ಸ್ಟ್ರಟ್ ದುರ್ಬಲವೆನಿಸಿದರೆ ಗಾಬರಿಯಾಗಬೇಕಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಿಂದ ಸೊನ್ನೆಗಿಳಿದಾಗ ಅನಿಲದ ಒತ್ತಡ ಸುಮಾರು 7 ಶೇಕಡ ಇಳಿಯುವುದು ಸಹಜ.

ಮಗನ ಲೆಕ್ಕ ತಂದೆಗೆ ಬರುತ್ತಿರಲಿಲ್ಲ. ತಂದೆಯ ಕೈ ಮಗನಿಗಿರಲಿಲ್ಲ. ತೂತು ಏಕೆ ಉದ್ದವಾಯಿತೆಂದು ಲೆಕ್ಕ ಹೇಳಿತು, ಉದ್ದವಾಗಿದೆಯೆಂದು ಮೊದಲು ಕಂಡದ್ದು ಅನುಭವದ ಕಣ್ಣು. ನಮ್ಮ ಮನೆಗಳಲ್ಲಿ ಮಗು ಸ್ಕ್ರೂಡ್ರೈವರ್ ಹಿಡಿದರೆ “ಮೊದಲು ಹೋಮ್‌ವರ್ಕ್ ಮುಗಿಸು” ಎನ್ನುವವರೇ ಹೆಚ್ಚು. ಕೆಟ್ಟದ್ದನ್ನು ಎಸೆಯುವ ಮುನ್ನ, ಕೆಟ್ಟದ್ದು ಯಾವುದೆಂದು ಹುಡುಕುವುದೂ ಒಂದು ಹೋಮ್‌ವರ್ಕೇ ಅಲ್ಲವೇ?