ಒಡೆದ ಟೊಮೇಟೊ ಹಚ್ಚುವ ದೀಪ

ಊರಿನಿಂದ ಹೈದರಾಬಾದಿಗೆ ಬರುವ ನೆಂಟರಿಗೆ ಚಾರ್‌ಮಿನಾರ್, ಗೋಲ್ಕೊಂಡ ತೋರಿಸಿಯಾದ ಮೇಲೆ ನಾನು ಇನ್ನೊಂದು ಜಾಗದ ಹೆಸರು ಹೇಳುತ್ತೇನೆ: ಸಿಕಂದರಾಬಾದಿನ ಬೋಯಿನ್‌ಪಲ್ಲಿ ತರಕಾರಿ ಮಾರುಕಟ್ಟೆ. ನಗುತ್ತಾರೆ. ಆದರೂ ನೋಡಬೇಕಾದ ಜಾಗವೇ.

ವ್ಯಾಪಾರ ಇಳಿದ ಮೇಲೆ ಅಲ್ಲಿ ಉಳಿಯುವುದು ಎಲೆಕೋಸಿನ ಹೊರಎಲೆ, ಒಡೆದ ಟೊಮೇಟೊ, ಬಾಡಿದ ಸೊಪ್ಪು. ದಿನಕ್ಕೆ ಸುಮಾರು 10 ಟನ್. ಹಿಂದೆ ಇದೆಲ್ಲ ಲಾರಿ ಹತ್ತಿ ಊರಾಚೆಯ ಕಸದ ಗುಡ್ಡೆ ಸೇರುತ್ತಿತ್ತು. ಈಗ ಮಾರುಕಟ್ಟೆಯ ಆವರಣದಲ್ಲೇ ಇರುವ ಜೈವಿಕ ಅನಿಲ ಘಟಕಕ್ಕೆ ಹೋಗುತ್ತದೆ. ತಂತ್ರಜ್ಞಾನ ಇದೇ ಊರಿನ ತಾರ್ನಾಕದಲ್ಲಿರುವ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯದು. 2021ರ ಜನವರಿಯ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಈ ಮಾರುಕಟ್ಟೆಯ ಹೆಸರೆತ್ತಿದ್ದರು.

ಮಲೆನಾಡಿನ ಹಿತ್ತಿಲಲ್ಲಿ ಗೋಬರ್ ಗ್ಯಾಸ್ ಗುಂಡಿ ಕಂಡವರಿಗೆ ಇದು ಹೊಸದಲ್ಲ. ಕಸವನ್ನು ಚೂರು ಮಾಡಿ, ಅರೆದು, ಗಾಳಿಯಾಡದ ತೊಟ್ಟಿಗೆ ಬಿಡುತ್ತಾರೆ. ಒಳಗಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಮೀಥೇನ್ ಕೊಡುತ್ತವೆ. ಆ ಅನಿಲದಿಂದ ಜನರೇಟರ್ ಓಡುತ್ತದೆ. ದಿನಕ್ಕೆ ಸುಮಾರು 500 ಯೂನಿಟ್ ವಿದ್ಯುತ್ತು: ಮಾರುಕಟ್ಟೆಯ ಬೀದಿದೀಪ, ಮಳಿಗೆ, ಕಚೇರಿ, ನೀರು ಸರಬರಾಜಿಗೆ. ಸ್ವಲ್ಪ ಅನಿಲ ಅಲ್ಲಿಯ ಅಡುಗೆಮನೆಗೆ. ಉಳಿದ ಬಗ್ಗಡ ಗೊಬ್ಬರ.

ಒಂದು ವ್ಯತ್ಯಾಸವಿದೆ. ಸಗಣಿ ಹಸುವಿನ ಹೊಟ್ಟೆಯಲ್ಲಿ ಒಮ್ಮೆ ಅರಗಿ ಬಂದದ್ದು. ತರಕಾರಿ ಹಾಗಲ್ಲ, ಅನಿಲ ಹೆಚ್ಚು ಕೊಡುತ್ತದೆ, ಆದರೆ ಬೇಗ ಹುಳಿಯಾಗುತ್ತದೆ. ಸಿಕ್ಕಿತೆಂದು ಒಮ್ಮೆಲೇ ಸುರಿದರೆ ಹುಳಿಯೇರಿ ಮೀಥೇನ್ ಮಾಡುವ ಜೀವಿಗಳೇ ಸೊರಗುತ್ತವೆ. ಮದುವೆ ಊಟ ಉಂಡ ಹೊಟ್ಟೆಯ ಪಾಡೇ.

ಲೆಕ್ಕ ಹಾಕಿದರೆ ಒಂದು ಟನ್ ಕಸಕ್ಕೆ ಸಿಗುವುದು 50 ಯೂನಿಟ್. ಇದರಿಂದ ಹೈದರಾಬಾದ್ ಬೆಳಗುವುದಿಲ್ಲ. ನಿಜವಾದ ಲಾಭ ಬೇರೆ: 10 ಟನ್ ಕಸ ಊರು ದಾಟುವುದಿಲ್ಲ, ಗುಡ್ಡೆಯಲ್ಲಿ ಕೊಳೆತು ಮೀಥೇನನ್ನು ಬಯಲಿಗೆ ಬಿಡುವುದಿಲ್ಲ. ಕಸ ಹುಟ್ಟುವುದೂ ವಿದ್ಯುತ್ತು ಬೇಕಿರುವುದೂ ಒಂದೇ ಅಂಗಳದಲ್ಲಿ. ಅದಕ್ಕೇ ಇಲ್ಲಿ ಇದು ಹೊಂದುತ್ತದೆ.

ಇನ್ನೊಂದು ಕಾರಣ, ಇಲ್ಲಿ ಬರುವ ಕಸ ಬಹುಪಾಲು ಬರೀ ತರಕಾರಿ. ನಮ್ಮ ಅಪಾರ್ಟ್‌ಮೆಂಟುಗಳ ಚೀಲದಲ್ಲಿ ಹಾಲಿನ ಕವರು, ಬಾಳೆಸಿಪ್ಪೆ, ಹಳೆಯ ಬ್ಯಾಟರಿ ಒಟ್ಟಿಗೇ ಇರುತ್ತವೆ. ಅದನ್ನು ಯಾವ ತೊಟ್ಟಿಯೂ ಅರಗಿಸಲಾರದು. ಸೊಸೈಟಿ ಸಭೆಯಲ್ಲಿ “ನಮಗೂ ಒಂದು ಘಟಕ ಬೇಕು” ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಆರು ತಿಂಗಳು ಹಸಿ ಕಸದ ಬುಟ್ಟಿ ಬೇರೆ ಇಟ್ಟು ನೋಡೋಣ. ಯಂತ್ರದ ಮಾತು ಆಮೇಲೆ.