ಬಂಡೆ ದ್ವೀಪದ ಹಳದಿ ಕೊರಳು

ಏಪ್ರಿಲ್. ಹಂಪಿಯ ಬೆಟ್ಟ ಕಾದ ಹಂಚಾಗಿದೆ. ಕೈ ಊರಿದರೆ ಅಂಗೈ ಚುರ್ ಎನ್ನುತ್ತದೆ. ನೆರಳಲ್ಲೇ 40 ಡಿಗ್ರಿ. ಆದರೂ ಹತ್ತಬೇಕು, ತೆವಳಬೇಕು, ಎರಡು ಗುಂಡುಗಳ ಸಂದಿಯಲ್ಲಿ ಉಸಿರು ಬಿಗಿಹಿಡಿದು ಮೈ ತೂರಿಸಬೇಕು. ಕೊರಳಲ್ಲಿ ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮಸೂರದ ದುರ್ಬೀನು. ಬೆನ್ನಿಗೆ ಎರಡು ಲೀಟರ್ ನೀರು. ಕಾಲಡಿಯ ಕಲ್ಲೊಂದು ಅಲುಗುತ್ತದೆ, ಜಾರುತ್ತದೆ, ಕೊರಕಲಿಗೆ ಉರುಳುತ್ತದೆ. ಅದು ತಳ ಮುಟ್ಟುವ ಮೊದಲೇ ಮೇಲಿನ ಪೊದೆಯಿಂದ ಒಂದು ಕೂಗು!

ಹಳದಿ ಕೊರಳಿನ ಪಿಕಳಾರ. 20 ಸೆಂಟಿಮೀಟರ್ ಉದ್ದದ ಹಾಡುಹಕ್ಕಿ. 1845ರಲ್ಲಿ ಪಕ್ಷಿತಜ್ಞ ಜೆರ್ಡನ್ ಇದನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಕೂಗುವುದು ಜೋರು, ಕಾಣಿಸಿಕೊಳ್ಳಲು ಮಾತ್ರ ಮಹಾ ಜಿಪುಣ.

ತುದಿಯೇರಿ ಕಂಪ್ಲಿ ಕಡೆ ನೋಡಿ. ತುಂಗಭದ್ರೆಯ ಕಾಲುವೆ ಹರಿದಲ್ಲೆಲ್ಲ ಭತ್ತ, ಕಬ್ಬು, ಬಾಳೆ. ಆ ಹಸಿರು ಕಡಲಿನಿಂದ ಬೋಳು ಗುಡ್ಡಗಳು ಅಲ್ಲೊಂದು ಇಲ್ಲೊಂದು ತಲೆಯೆತ್ತಿವೆ. ಅವೇ ಈ ಪಿಕಳಾರದ ದ್ವೀಪಗಳು. ಸೋದರ ಜಾತಿಯ ಕೆಂಪು ಕಿಬ್ಬೊಟ್ಟೆಯ ಪಿಕಳಾರ ತೋಟ, ಹಿತ್ತಲು, ಬಸ್ ನಿಲ್ದಾಣ ಎಲ್ಲೆಡೆ ಸಂಸಾರ ಹೂಡುತ್ತದೆ. ಹಳದಿ ಕೊರಳಿನದಕ್ಕೆ ಬಂಡೆಯೇ ಬೇಕು.

ಬರಿಯ ಬಂಡೆಯಲ್ಲಿ ಬದುಕುವುದು ಹೇಗೆ? ಬಿರುಕಿನಲ್ಲಿ. ಮಳೆ ಮಣ್ಣು ತಂದು ಬಿರುಕಿಗೆ ತುಂಬುತ್ತದೆ, ಅತ್ತಿಯ ಜಾತಿಯ ಗಿಡ ಬೇರು ಇಳಿಸುತ್ತದೆ, ನೆರಳು ಹುಟ್ಟುತ್ತದೆ, ಹಣ್ಣು ಕಟ್ಟುತ್ತದೆ. ಹಕ್ಕಿ ಹಣ್ಣು ನುಂಗುತ್ತದೆ, ಹುಳ ಹಿಡಿಯುತ್ತದೆ, ನಡುಹಗಲು ಕಲ್ಲಿನ ಸಂದಿಗೆ ನುಸುಳುತ್ತದೆ. ತಿಂದ ಬೀಜವನ್ನು ಮತ್ತೊಂದು ಬಿರುಕಿಗೆ ಉದುರಿಸುತ್ತದೆ. ಎಂಥ ಉಪಾಯ! ಆದರೆ ಬೆಟ್ಟವೇ ಸಿಡಿದರೆ?

ದ್ವೀಪ ಕೆಟ್ಟರೆ ದ್ವೀಪದ ಹಕ್ಕಿಗೆ ಬೇರೆ ದಾರಿಯಿಲ್ಲ. ಹವಾಯಿಯ ಕವಾಯಿ ದ್ವೀಪದ ಓಓ ಹಕ್ಕಿಗೂ ಓಡಲು ಜಾಗವಿರಲಿಲ್ಲ. ಹೊರಗಿನಿಂದ ಬಂದ ಇಲಿ ಗೂಡಿಗೆ ನುಗ್ಗಿತು, ಸೊಳ್ಳೆ ಹಕ್ಕಿಮಲೇರಿಯಾ ಹಬ್ಬಿಸಿತು. 1987ರ ನಂತರ ಅದರ ದನಿ ಯಾರಿಗೂ ಕೇಳಿಲ್ಲ.

ಇಲ್ಲಿ ಸೊಳ್ಳೆಯ ಬದಲು ಸಿಡಿಮದ್ದು. ಕಲ್ಲುಕ್ವಾರಿಯವರು ರಂಧ್ರ ಕೊರೆಯುತ್ತಾರೆ, ಮದ್ದು ತುರುಕುತ್ತಾರೆ. ಮರುಗಳಿಗೆ ಬಿರುಕೂ ಇಲ್ಲ, ಅತ್ತಿಯೂ ಇಲ್ಲ. ಅತ್ತ ಸಂಡೂರಿನ ಗುಡ್ಡಗಳನ್ನು ಕಬ್ಬಿಣದ ಅದಿರಿಗಾಗಿ ಬಗೆದು ಬಗೆದು, ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಬೇಕಾಯಿತು. ಆಮೇಲೆ ಷರತ್ತಿನೊಂದಿಗೆ ಲಾರಿಗಳು ಮತ್ತೆ ಹೊರಟವು. ಅಪಾಯದಲ್ಲಿರುವ ಜೀವಿಗಳ ಐಯುಸಿಎನ್ ಕೆಂಪುಪಟ್ಟಿಯಲ್ಲಿ ಈ ಪಿಕಳಾರದ ಹೆಸರಿದೆ. ಅಚ್ಚರಿಯೇನಿಲ್ಲ.

ಮತ್ತೆ ಕೂಗು! ಈ ಸಲ ಎಡಕ್ಕೆ. ಮೊಣಕೈ ತರಚುತ್ತದೆ, ಬೆವರು ಕಣ್ಣಿಗಿಳಿಯುತ್ತದೆ, ದುರ್ಬೀನಿನ ಗಾಜು ಮಸುಕಾಗುತ್ತದೆ. ಒರೆಸಿ, ಗುರಿಯಿಟ್ಟು, ತಿರುಗಿಸಿ... ಸಿಕ್ಕಿತು! ಹಳದಿ ತಲೆ, ಉಜ್ವಲ ಹಳದಿ ಕೊರಳು, ಬೂದು ಎದೆ. ಒಂದು, ಎರಡು, ಮೂರು ಕ್ಷಣ. ಚಂಗನೆ ಹಾರಿ ಬಂಡೆಯಾಚೆ ಮಾಯ.

ಬೆನ್ನಟ್ಟುವ ಆಸೆ ಬೇಡ. ಹೊತ್ತು ಇಳಿಯುತ್ತಿದೆ. 1994ರಲ್ಲಿ ದರೋಜಿ ಕರಡಿಧಾಮ ಘೋಷಣೆಯಾದದ್ದು ಇದೇ ಬಂಡೆಸೀಮೆಯಲ್ಲಿ. ಸಂಜೆಗೆ ಕರಡಿಗಳು ಗವಿ ಬಿಡುತ್ತವೆ, ಚಿರತೆಯೂ ಏಳುತ್ತದೆ. ಇಳಿಯಿರಿ. ಗುಂಪು ಬಿಡಬೇಡಿ. ಜೋರಾಗಿ ಮಾತಾಡುತ್ತಲೇ ಇಳಿಯಿರಿ. ದೂರದಿಂದಲೇ ಸದ್ದು ಕೇಳಿದರೆ ಕರಡಿ ಸಾಮಾನ್ಯವಾಗಿ ದಾರಿ ಬಿಡುತ್ತದೆ. ತಿರುವಿನಲ್ಲಿ ಥಟ್ಟನೆ ಎದುರಾದರೆ ನೇರ ಮುಖಕ್ಕೇ ಉಗುರು ಹಾಕುತ್ತದೆ.