ಯೇಸುವಿನ ಕತೆಗೆ ಚಿತ್ರದ ಚೌಕಟ್ಟು

ಅಮರ ಚಿತ್ರಕಥೆಯ ಪುಸ್ತಕಗಳಿಗೆ ನಮ್ಮ ಧಾರವಾಡದ ಮನೆಗಳಲ್ಲಿ ವಿಶೇಷ ರಿಯಾಯಿತಿ ಇತ್ತು. ಫ್ಯಾಂಟಮ್‌ನ ಸಾಹಸ ಓದುತ್ತ ಕೂತರೆ ಹಿರಿಯರು ಪುಸ್ತಕ ಕಸಿದುಕೊಂಡು ಗಣಿತಕ್ಕೆ ಕೂಡಿಸುತ್ತಿದ್ದರು. ಕೈಯಲ್ಲಿ ಅಮರ ಚಿತ್ರಕಥೆ ಇದ್ದರೆ ಮಾತ್ರ, “ಓದ್ಲಿ ಬಿಡ್ರಿ, ದೇವರ ಕತಿ ಐತಿ” ಅನ್ನುತ್ತಿದ್ದರು. ರಾಮ, ಕೃಷ್ಣ, ಬುದ್ಧ, ಬಸವೇಶ್ವರ ಎಲ್ಲರೂ ಆ ಬಾಗಿಲಿಂದ ಒಳಗೆ ಬಂದವರೇ. ಅದೇ ಸರಣಿಯಲ್ಲಿ ಯೇಸು ಕ್ರಿಸ್ತನ ಪುಸ್ತಕವೂ ಬಂತು. ಅದೂ ದೇವರ ಕತೆಯೇ ಎಂದು ಅದಕ್ಕೂ ಯಾರೂ ಅಡ್ಡಿ ಮಾಡಲಿಲ್ಲ. ಅದೇ ಅಳತೆ, ಅದೇ ಬಣ್ಣ. ಪಕ್ಕದ ಮನೆಯವರು ನಂಬುವ ದೇವರ ಕತೆ ಏನೆಂದು ತಿಳಿಯಲು ಒಂದು ಮಧ್ಯಾಹ್ನ ಸಾಕಾಗುತ್ತಿತ್ತು. ಈ ಸಣ್ಣ ಸಂಗತಿ ನನಗೆ ಇವತ್ತಿಗೂ ಬಹಳ ದೊಡ್ಡದಾಗಿ ಕಾಣುತ್ತದೆ. ಯಾವ ಪ್ರವಚನವೂ ಇಲ್ಲದೆ, ಯಾರನ್ನೂ ಕರೆಯದೆ, ಯಾರನ್ನೂ ಕೆಣಕದೆ ಒಂದು ಕತೆ ಊರಿನ ಎಲ್ಲ ಓಣಿಗಳಿಗೂ ಹೋಗಿ ಬಂತು.

ಈ ಸರಣಿಯ ಬೇರು ಕನ್ನಡದಲ್ಲಿದೆ ಅನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಮೊದಲ ಹತ್ತು ಪುಸ್ತಕ ಕನ್ನಡದಲ್ಲೇ ಬಂದವು. ಅವು ಸಿಂಡರೆಲ್ಲಾಳಂಥ ಪರದೇಶದ ಕತೆಗಳು. ಆಮೇಲೆ ಅನಂತ ಪೈ ಅವರು ಕೈಗೆತ್ತಿಕೊಂಡ ಇಂಗ್ಲಿಷ್ ಸರಣಿಯಲ್ಲಿ ‘ಕೃಷ್ಣ’ನಿಗೆ ಹನ್ನೊಂದನೆಯ ಸಂಖ್ಯೆ ಸಿಕ್ಕಿದ್ದು ಈ ಹತ್ತರ ಲೆಕ್ಕದಿಂದಲೇ. ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಇಲ್ಲಿ ಇನ್ನೊಬ್ಬ ಪೈಗಳನ್ನು ನೆನೆಯದೆ ಮುಂದೆ ಹೋಗಲಾರೆ. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಶಿಲುಬೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿ ಬರೆದರು. ಬುದ್ಧನ ಕೊನೆಯ ದಿನದ ‘ವೈಶಾಖಿ’ಯನ್ನು ಬರೆದದ್ದೂ ಅವರೇ. ಆ ಕಾವ್ಯದ ಭಾಷೆ ಬಿಗಿಯಾದದ್ದು, ಮಕ್ಕಳ ಕೈಗೆ ಎಟುಕುವುದಲ್ಲ. ಅದೇ ಯೇಸುವನ್ನು ಮಕ್ಕಳ ಮಡಿಲಿಗೆ ತಂದವರು ಇನ್ನೊಬ್ಬ ಪೈ. ಇಬ್ಬರೂ ಚರ್ಚಿಗೆ ಸೇರಿದವರಲ್ಲ, ಇಬ್ಬರೂ ಆ ಕತೆಯನ್ನು ಗೌರವದಿಂದಲೇ ಹೇಳಿದರು.

ಚರ್ಚಿನ ಒಳಗಿನಿಂದ ಬಂದ ಪ್ರಯತ್ನದ ಮಾತಿಗೆ ಬಂದರೆ ಧಾರವಾಡದ ಹೆಸರು ತಾನಾಗಿಯೇ ಬರುತ್ತದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿ ಠಾಣೆ ತೆರೆದರು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲ್ ಈ ಭಾಗದಲ್ಲಿದ್ದುಕೊಂಡು ಕನ್ನಡ ಕಲಿತರು. ಎಲ್ಲರೂ 1894ರ ನಿಘಂಟಿಗಾಗಿ ಅವರನ್ನು ನೆನೆಯುತ್ತಾರೆ, ನೆನೆಯಲೇಬೇಕು. ಆದರೆ ನನ್ನ ಮನಸ್ಸು ಹೋಗುವುದು 1862ರ ‘ಕಥಾಮಾಲೆ’ಯ ಕಡೆಗೆ. ಯೇಸುವಿನ ಬದುಕನ್ನು ಅವರು ಅದರಲ್ಲಿ ನಮ್ಮ ಛಂದಸ್ಸಿನಲ್ಲಿ ಪದ್ಯವಾಗಿ ಹೇಳಿದ್ದಾರೆ. ಜರ್ಮನಿಯಿಂದ ಬಂದವರೊಬ್ಬರು ತಮ್ಮ ಜೀವಕ್ಕಿಂತ ಪ್ರಿಯವಾದ ಕತೆಯನ್ನು ಕೇಳುವವರ ಕಿವಿಗೆ ಒಗ್ಗುವ ಲಯಕ್ಕೆ ಒಗ್ಗಿಸಿಕೊಂಡರಲ್ಲ, ಅದು ಸಣ್ಣ ಕೆಲಸವಲ್ಲ. ಕುಮಾರವ್ಯಾಸನನ್ನು ಕೇಳಿ ಬೆಳೆದ ಜನಕ್ಕೆ ಕತೆ ಹೇಳಬೇಕಾದರೆ ಆ ಕಿವಿಯನ್ನು ಮೊದಲು ಗೌರವಿಸಬೇಕು ಅನ್ನುವುದು ಅವರಿಗೆ ತಿಳಿದಿತ್ತು. ಕಣ್ಣಿಗೂ ಇದೇ ಮಾತು ಸಲ್ಲುತ್ತದೆ. ಕಿಳ್ಳಿಕ್ಯಾತರು ದೀಪದ ಮುಂದೆ ತೊಗಲುಗೊಂಬೆ ಕುಣಿಸಿ ರಾಮಾಯಣ ತೋರಿಸಿದ ನಾಡು ಇದು. ಚಿತ್ರ ನೋಡುತ್ತ ಕತೆ ಕೇಳುವುದು ನಮಗೆ ಹೊಸತಲ್ಲ.

ಯೇಸು ಹೇಳಿದ ಸಾಮತಿಗಳಂತೂ, ಅಂದರೆ ದೃಷ್ಟಾಂತದ ಕತೆಗಳಂತೂ, ಚಿತ್ರಕತೆಗೆಂದೇ ಹುಟ್ಟಿದ ಹಾಗಿವೆ. ಬಿತ್ತುವವನ ಕತೆ ನೋಡಿ. ಹಾದಿಯ ಮೇಲೆ ಬಿದ್ದ ಬೀಜ ಹಕ್ಕಿಯ ಪಾಲು. ಕಲ್ಲುನೆಲದ್ದು ಬಿಸಿಲಿಗೆ ಬಾಡಿತು. ಮುಳ್ಳಿನ ನಡುವಿನದು ಉಸಿರುಗಟ್ಟಿತು. ಒಳ್ಳೆಯ ನೆಲದ್ದು ಮೂವತ್ತು, ಅರವತ್ತು, ನೂರು ಪಟ್ಟು ಕೊಟ್ಟಿತು. ಹೇಳಿ ಮುಗಿಸುವಷ್ಟರಲ್ಲಿ ನಾಲ್ಕು ಚೌಕಟ್ಟು ತಾವಾಗಿಯೇ ಬಿದ್ದವು. ಆದರೆ ಬರೀ ಮಾತಿನಲ್ಲಿ ಹೇಳಿದರೆ ನಮ್ಮ ಕಡೆಯ ರೈತ, “ಅಲ್ರೀ, ಹಾದಿ ಮ್ಯಾಲೆ ಬೀಜ ಯಾಕ ಬಿತ್ತು?” ಎಂದು ಕೇಳಿಯೇ ಕೇಳುತ್ತಾನೆ. ಅವನು ಬಿತ್ತುವುದು ಕೂರಿಗೆಯಿಂದ. ಬಟ್ಟಲಿಗೆ ಹಾಕಿದ ಕಾಳು ಕೊಳವೆಯಲ್ಲಿ ಇಳಿದು ಸಾಲಿಗೇ ಬೀಳುತ್ತದೆ, ಹಾದಿಗೆ ಹೋಗುವ ಮಾತೇ ಇಲ್ಲ. ಯೇಸುವಿನ ಸೀಮೆಯಾದ ಗಲಿಲಾಯದ ರೈತ ಬುಟ್ಟಿಯಿಂದ ಹಿಡಿ ಹಿಡಿ ತೆಗೆದು ಬೀಸಿ ಚೆಲ್ಲುತ್ತಿದ್ದ. ಬೀಸಿದ ಆ ಕೈ, ಗಾಳಿಯಲ್ಲಿ ಹರಡಿದ ಕಾಳು, ಹೊಲದ ನಡುವೆ ಜನ ತುಳಿದು ಮಾಡಿದ ಕಾಲುಹಾದಿ ಇಷ್ಟನ್ನು ಒಂದು ಚಿತ್ರದಲ್ಲಿ ತೋರಿಸಿಬಿಟ್ಟರೆ ವಿವರಣೆಯೇ ಬೇಡ. ಉಳಿದ ಮೂರು ಪಟಕ್ಕೆ ರೈತ ತಾನೇ ಅರ್ಥ ಹೇಳುತ್ತಾನೆ. ಕಲ್ಲುನೆಲದಲ್ಲಿ ಬೇಗ ಹುಟ್ಟಿದ ಪೈರು ಯಾಕೆ ಬೇಗ ಒಣಗುತ್ತದೆ ಎಂದು ಅವನಿಗೆ ಕಲಿಸುವವರು ಯಾರು?

ಮನೆ ಬಿಟ್ಟು ಹೋದ ಮಗನ ಕತೆಯೂ ಹಾಗೆಯೇ. ಒಂದು ಪಟದಲ್ಲಿ ಗೆಳೆಯರ ನಡುವೆ ಊಟ, ಮುಂದಿನ ಪಟದಲ್ಲಿ ಹಂದಿಗಳ ನಡುವೆ ಹಸಿವು. ಎರಡರ ನಡುವಿನ ಬಿಳಿ ಗೆರೆಯಲ್ಲಿ ಒಂದು ಆಸ್ತಿಯೇ ಕರಗಿ ಹೋಗಿರುತ್ತದೆ. ಅದನ್ನು ಓದುವ ಹುಡುಗ ತಾನೇ ತುಂಬಿಕೊಳ್ಳುತ್ತಾನೆ. ಆಮೇಲೆ ತಂದೆ ದೂರದಿಂದ ಮಗನನ್ನು ಕಂಡು ಓಡಿ ಬರುವ ಪಟ. ರುಮಾಲಿನ ಹಿರಿಯರೊಬ್ಬರು ಊರ ಮುಂದೆ ಧೋತರ ಎತ್ತಿಕೊಂಡು ಓಡುವುದನ್ನು ಕಲ್ಪಿಸಿಕೊಳ್ಳಿ. ಮರ್ಯಾದೆ, ಸಿಟ್ಟು, ಲೆಕ್ಕ ಎಲ್ಲವನ್ನೂ ಬಿಟ್ಟ ಆ ಓಟವೇ ಆ ಕತೆಯ ಜೀವ. ಅಲ್ಲಿ ಒಂದಕ್ಷರ ಬರೆದರೂ ಹೆಚ್ಚಾಯಿತು.

ಯೇಸು ಬೆಟ್ಟದ ಮೇಲೆ ಮಾಡಿದ ಉಪದೇಶ, ಪರ್ವತ ಪ್ರಸಂಗ, ಮಾತ್ರ ಕಷ್ಟ. ಅದು ಪೂರಾ ಮಾತು. ಮಾತಿನ ಗುಳ್ಳೆಗಳೇ ಪುಟ ತುಂಬಿಬಿಟ್ಟರೆ ಚಿತ್ರಕ್ಕೆ ಜಾಗವೆಲ್ಲಿ? ಕೇಳುತ್ತ ಕೂತವರ ಮುಖಗಳನ್ನು ಒಂದೊಂದಾಗಿ ಬರೆಯಬೇಕು ಅನ್ನಿಸುತ್ತದೆ ನನಗೆ.

ಹೊರಗಿನವರು ಈ ಕೆಲಸವನ್ನು ಮೊದಲಿನಿಂದ ಮಾಡಿದ್ದಾರೆ. ಅಮೆರಿಕದಲ್ಲಿ ಮ್ಯಾಕ್ಸ್ ಗೇನ್ಸ್ 1942ರಲ್ಲೇ ಬೈಬಲ್ಲಿನ ಕತೆಗಳ ಕಾಮಿಕ್ಸ್ ಸರಣಿ ಶುರುಮಾಡಿದರು. 1947ರಲ್ಲಿ ಅವರು ತೀರಿಕೊಂಡ ಮೇಲೆ ಮಗನ ಕೈಯಲ್ಲಿ ಅವರ ಕಂಪನಿ ದೆವ್ವದ ಕತೆಗಳಿಗೂ ‘ಮ್ಯಾಡ್’ ಪತ್ರಿಕೆಗೂ ಹೆಸರಾಯಿತು. 2009ರಲ್ಲಿ ರಾಬರ್ಟ್ ಕ್ರಂಬ್ ಆದಿಕಾಂಡದ ಐವತ್ತೂ ಅಧ್ಯಾಯಗಳನ್ನು ಬಿಡದೆ ಬರೆದರು. ವಂಶಾವಳಿಯ ಒಣ ಹೆಸರುಗಳಿಗೂ ಪುಟ್ಟ ಪುಟ್ಟ ಮುಖ ಕೊಟ್ಟರು. ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. ಜ್ಯಾಕ್ ಚಿಕ್ ಅವರ ಅಂಗೈಯಗಲದ ಚಿತ್ರಪುಸ್ತಕಗಳು ಇವೆಲ್ಲಕ್ಕಿಂತ ಹೆಚ್ಚು ದೇಶ ಸುತ್ತಿದವು, ಲೆಕ್ಕವಿಲ್ಲದಷ್ಟು ಭಾಷೆಗಳಿಗೆ ಹೋದವು. ಅವು ನನಗೆ ಒಪ್ಪಿಗೆಯಲ್ಲ. ಅವುಗಳಲ್ಲಿ ಪರಧರ್ಮದವರಿಗೆ ಅಷ್ಟೇ ಅಲ್ಲ, ಕ್ರೈಸ್ತರಲ್ಲೇ ಕ್ಯಾಥೋಲಿಕರಿಗೂ ನರಕದ ಬೆದರಿಕೆ ಇದೆ. ಹೆದರಿಸುವ ಚಿತ್ರ ಎಷ್ಟೇ ಚೆನ್ನಾಗಿದ್ದರೂ ನೆರೆಮನೆಗೆ ಕೊಡುವ ಪುಸ್ತಕವಾಗುವುದಿಲ್ಲ. ಒಂದು ಧರ್ಮದ ಚಿತ್ರಕತೆ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ನನ್ನ ಹತ್ತಿರ ಇರುವ ಪರೀಕ್ಷೆ ಒಂದೇ: ಬೇರೆ ಮನೆಯ ಮಗು ಅದನ್ನು ಓದಿ, ಆ ಮನೆಯವರ ಜೊತೆ ಇನ್ನಷ್ಟು ಸಲಿಗೆಯಿಂದ ಇರುತ್ತದೋ ಇಲ್ಲವೋ?

ಈಗ ನಮ್ಮೂರಿನ ಮಾತು. ಧಾರವಾಡದಲ್ಲಿ ಕಿಟ್ಟೆಲ್ ಹೆಸರಿನ ಕಾಲೇಜಿದೆ, ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಧರ್ಮಪ್ರಾಂತದ ಕಚೇರಿ ಇದೆ. ಹಾಲಭಾವಿಯವರು ಚಿತ್ರಕಲೆಯ ಶಾಲೆ ಕಟ್ಟಿದ ಊರು ಇದು. ಕುಂಚ ಹಿಡಿದ ಹುಡುಗ ಹುಡುಗಿಯರಿಗೆ ಇಲ್ಲಿ ಬರವಿಲ್ಲ. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟವಿದೆ. ಇವರೆಲ್ಲ ಒಂದು ದಿನ ಕೂಡಿ ಕೂತರೆ ‘ಕಥಾಮಾಲೆ’ಯನ್ನು ಮುಂದಿಟ್ಟುಕೊಂಡು ಕನ್ನಡದ್ದೇ ಆದ ಒಂದು ಚಿತ್ರಕತೆಯ ಸರಣಿ ಮಾಡಬಹುದು. ಭಾಷಾಂತರ ಬೇಡ, ಇಲ್ಲಿಯೇ ಬರೆದದ್ದು ಬೇಕು.

ಉಡುಗೆ ತೊಡುಗೆಯ ಬಗ್ಗೆ ತಕರಾರು ಏಳುತ್ತದೆ, ಏಳಲಿ. ನನ್ನ ಅಭಿಪ್ರಾಯ ಹೇಳುತ್ತೇನೆ. ಯೇಸುವಿನ ಬದುಕನ್ನು ಗಲಿಲಾಯದಲ್ಲೇ ಇಡಬೇಕು. ಯೂರೋಪಿನ ಬಿಳಿ ಮುಖ, ನೀಲಿ ಕಣ್ಣು ಬಿಟ್ಟು, ಬಿಸಿಲಲ್ಲಿ ನಡೆದ ಆ ಸೀಮೆಯ ಬಡಗಿಯ ಮೈಬಣ್ಣ ಕೊಡಬೇಕು. ಸಾಮತಿಗಳನ್ನು ಮಾತ್ರ ನಮ್ಮ ನೆಲಕ್ಕೆ ತರಬೇಕು. ಅವು ಅವರು ಕಟ್ಟಿ ಹೇಳಿದ ಕತೆಗಳು, ಯಾವ ಊರಲ್ಲಾದರೂ ನಡೆಯಬಹುದು. ಮನೆಗೆ ಮರಳಿದ ಮಗ ಕುಂದಗೋಳದವನಾಗಲಿ, ಕಳೆದ ಕುರಿಯನ್ನು ಹುಡುಕಿ ಹೊರಟವನು ಹೆಗಲ ಮೇಲೆ ಕಂಬಳಿ ಹೊತ್ತ ನಮ್ಮ ಕುರುಬನಾಗಲಿ.

ಸರಣಿಯ ಮೊದಲ ಪುಸ್ತಕ ಬಿತ್ತುವವನ ಕತೆಯೇ ಆಗಲಿ ಎಂದು ನನ್ನ ಬೇಡಿಕೆ. ಅದನ್ನು ಬರೆಯುವ ಕಲಾವಿದರು ಬಿತ್ತಿಗೆಯ ಹೊತ್ತಿಗೆ ಒಮ್ಮೆ ನವಲಗುಂದದ ಎರೆಹೊಲಕ್ಕೆ ಹೋಗಿ, ಕೂರಿಗೆ ಹಿಡಿದವರನ್ನು ಮಾತಾಡಿಸಿ ಬರಲಿ. ಪುಸ್ತಕ ಬಂದರೆ ಎಲ್ಲ ಓಣಿಯವರೂ ಒಂದೊಂದು ಪ್ರತಿ ಕೊಂಡು ಮಕ್ಕಳ ಕೈಗೆ ಕೊಡಿ.